ನಾಕು ಸಲ ಜಗ್ಗಿದ ಕೈ

ನನ್ನ ಮೊಮ್ಮಗ ಪಾಸಾದ! ನಿನ್ನೆ ಬೆಳಿಗ್ಗೆ ಫೋನ್ ಬಂತು. ನೌಕಾಪಡೆಯಲ್ಲಿ ಕಮಾಂಡೋ ಆಗಿಬಿಟ್ಟ ನಮ್ಮ ಹುಡುಗ. ಹೋದವರಲ್ಲಿ ಮುಕ್ಕಾಲು ಪಾಲು ಜನ ನಡುವೆಯೇ ಬಿಟ್ಟು ಬರುವ ಆ ಟ್ರೈನಿಂಗ್‌ನಲ್ಲಿ ನನ್ನ ಮಗಳ ಮಗ ಕೊನೆಯ ತನಕ ನಿಂತ. "ಯಾರ್ಗೂ ಹೇಳ್ಬೇಡ ತಾತ, ಹೆಸ್ರಂತೂ ಎಲ್ಲೂ ಹಾಕ್ಬೇಡ" ಅಂದ. ಅದಕ್ಕೇ ಇಲ್ಲಿ ಅವನನ್ನು ಪುಟ್ಟ ಅಂತಲೇ ಬರೆಯುತ್ತೇನೆ. ಆದರೆ ಫೋನ್ ಇಟ್ಟ ಗಳಿಗೆಗೇ ಹಾಲಿನ ಡೈರಿಗೆ ಹೋಗಿ ಹೇಳಿಬಿಟ್ಟಿದ್ದೆ. ಡೈರಿಯವನು ನಮ್ಮೂರು ದೋಣಿಗಲ್ಲಿಗೆಲ್ಲ ಹೇಳಿದ. ಏನು ಮಾಡಲಿ — ತುಂಬಿದ ಕೊಡ ಹೊತ್ತು ನಡೆದರೆ ತುಳುಕುವುದಿಲ್ಲವೇ?

ಈ ಸಂತೋಷದ ಬೆನ್ನಿಗೇ ಇನ್ನೊಂದು ಮಾತು ಬರೆಯಬೇಕು. ಆ ಪಡೆ ಹುಟ್ಟಿದ ದಿನಗಳಲ್ಲಿ ನಾನೂ ಅದರಲ್ಲಿದ್ದೆ, ಇದು ಊರಿನವರಾದ ನಿಮಗೆಲ್ಲ ಗೊತ್ತು. ನನ್ನ ಜೊತೆ ಹೋದ ನಮ್ಮೂರಿನ ಲೋಕ ನೀರಿನಡಿಯಲ್ಲಿ ಹೆದರಿ ಹಗ್ಗ ಜಗ್ಗಿದ, ಅವನನ್ನು ವಾಪಸ್ ಕಳಿಸಿದರು — ಇದೂ ನಿಮಗೆ ಗೊತ್ತು. ಹೇಳಿದವನು ನಾನೇ.

ಅದು ಸುಳ್ಳು. ಹಗ್ಗ ಜಗ್ಗಿದ್ದು ನಾನು.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬರವಣಿಗೆ ನೆಟ್ಟಗಿಲ್ಲ. ಆದರೂ ಇದನ್ನು ನನ್ನ ಕೈಯಲ್ಲೇ ಬರೆಯಬೇಕು.

ನಮ್ಮ ಕಡೆ ಕರಿಮೆಣಸು ಕುಯ್ಯುವುದನ್ನು ನೋಡಿಲ್ಲದ ಹೊರಗಿನವರಿಗೆ ಮೊದಲು ಅದನ್ನು ಹೇಳುತ್ತೇನೆ. ಮೆಣಸಿನ ಬಳ್ಳಿ ಹಬ್ಬಿದ ಎತ್ತರದ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಒಬ್ಬ ಹತ್ತುತ್ತಾನೆ. ಏಣಿಯ ತುದಿಗೆ ಕಟ್ಟಿದ ಹಗ್ಗ ಹಿಡಿದು ಇನ್ನೊಬ್ಬ ಕೆಳಗೆ ನಿಲ್ಲುತ್ತಾನೆ. ಮೇಲಿನವನು ಕಾಲು ಜಾರಿದರೂ, ತನ್ನ ಸೊಕ್ಕಿನಿಂದಲೇ ಬಿದ್ದರೂ, ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಬಂದು ಕೇಳುವುದು ಒಂದೇ ಮಾತು: "ಹಗ್ಗ ಹಿಡ್ದಿದ್ದೋನು ಯಾವನ್ಲಾ?" ಹಿಡಿದವನು ಎದುರು ಮಾತಾಡುವ ಹಾಗಿಲ್ಲ. "ನನ್ ಕೈಲಿತ್ತು" ಅನ್ನಬೇಕು, ಅಷ್ಟೇ. ಅಪ್ಪ, ಅಜ್ಜನ ಕಾಲದಿಂದ ನಮ್ಮ ತೋಟಗಳ ಕಟ್ಟಳೆ ಅದು.

ನಾನು ಹತ್ತುವವನು. ಲೋಕ ಹಗ್ಗ ಹಿಡಿಯುವವನು. ಒಮ್ಮೆ ಹೆಣ್ಣಾಳುಗಳೆದುರು ಒಂಟಿ ಕೈಯಲ್ಲಿ ಜೋತು ಬಿದ್ದು ತೋರಿಸಲು ಹೋಗಿ, ಕೆಳಗೆ ಬಿದ್ದು ಎರಡು ಕಾಫಿ ಗಿಡ ಮುರಿದೆ. ಲೋಕ "ನನ್ ಕೈಲಿತ್ತು" ಅಂದ. ವಾರವೆಲ್ಲ ಬೈಸಿಕೊಂಡವನು ಅವನು. ನಾನು ನಕ್ಕೆ.

ಇಬ್ಬರೂ ಒಟ್ಟಿಗೇ ನೌಕಾಪಡೆ ಸೇರಿದೆವು. ನಾನು ಹಡಗಿನ ಅಡಿಗೆ ಕೋಣೆಯಲ್ಲಿ, ಅವನು ಮೇಲಿನ ಹಗ್ಗ-ಸರಪಳಿ ಕೆಲಸದಲ್ಲಿ. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಸಾಲು ನಿಲ್ಲಿಸಿ ಹೇಳಿದರು — ನೀರಿನಡಿಯಲ್ಲಿ ಹೋಗಿ ಕಾದುವ ಹೊಸ ಪಡೆ ಕಟ್ಟುತ್ತಿದ್ದೇವೆ, ಯಾವ ಕೆಲಸದವನಾದರೂ ಸರಿ, ಎದೆ ಇದ್ದವನು ಮುಂದೆ ಬರಲಿ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಲೋಕನಿಗೆ ಅಷ್ಟೇನೂ ಇಷ್ಟವಿರಲಿಲ್ಲ. "ನೀನು ಹತ್ತುದ್ರೆ ನಾನು ಹಿಡೀಲೇಬೇಕಲ್ಲ ಮಾರಾಯ" ಅಂತ ಅವನೂ ಬಂದ.

ಇವತ್ತು ಆ ಪಡೆ ಅಂದರೆ ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಗ ಅದಕ್ಕೆ ನೆಟ್ಟಗೆ ಒಂದು ಹೆಸರೂ ಇರಲಿಲ್ಲ. ಕಡಲ ದಂಡೆಯಲ್ಲಿ ಒಂದು ತಗಡಿನ ಶೆಡ್ಡು, ಹೊರದೇಶದಲ್ಲಿ ಕಲಿತು ಬಂದಿದ್ದ ಇಬ್ಬರು ಮೂವರು ಆಫೀಸರುಗಳು. ಕಾಲಿಗೆ ಹಾಕುವ ರಬ್ಬರ್ ರೆಕ್ಕೆಗಳು ದೊಡ್ಡ ಆಳುಗಳ ಅಳತೆಯವು, ನಮ್ಮ ಕಾಲಿಗೆ ನಿಲ್ಲುತ್ತಿರಲಿಲ್ಲ. ಲೋಕ ಹಳೇ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿ ಎಲ್ಲರ ಕಾಲಿಗೂ ಬಿಗಿದ. ಇವತ್ತಿನ ಪಾಠ ನಾಳೆ ಬದಲು. ಕಲಿಸುವವರೂ ಕಲಿಯುತ್ತಲೇ ಇದ್ದರು. ಬೆಳಿಗ್ಗೆ ಎದ್ದಾಗ ಶೆಡ್ಡಿನಲ್ಲಿ ಇನ್ನೊಂದು ಹಾಸಿಗೆ ಖಾಲಿ — ಯಾರೋ ಬಿಟ್ಟು ಹೋಗಿರುತ್ತಿದ್ದರು.

ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಜೋಡಿ ಜೋಡಿಯಾಗಿ ಇಳಿಯಬೇಕು. ನಿಂತ ಹಡಗಿನ ಹೊಟ್ಟೆಯ ಅಡಿಗೆ ಹೋಗಿ, ಬಾಂಬಿನ ಬದಲು ಒಂದು ಮರದ ತುಂಡನ್ನು ಅಂಟಿಸಿ, ಹೇಳಿದಷ್ಟು ಹೊತ್ತು ಅಲ್ಲೇ ಇದ್ದು ಬರಬೇಕು. ಇಬ್ಬರ ಸೊಂಟವೂ ಒಂದೇ ಹಗ್ಗಕ್ಕೆ ಕಟ್ಟಿರುತ್ತದೆ, ಅದರ ತುದಿ ಮೇಲೆ ದೋಣಿಯಲ್ಲಿರುವ ಆಫೀಸರ ಕೈಯಲ್ಲಿ. ಜೋಡಿಯಲ್ಲಿ ಒಬ್ಬ ಅದನ್ನು ಹಿಡಿದಿರುತ್ತಾನೆ. ನಾಕು ಸಲ ಜಗ್ಗಿದರೆ "ನಮ್ಮನ್ನು ಎಳೆದುಕೊಳ್ಳಿ" ಅಂತ. ಹೊತ್ತಿಗೆ ಮೊದಲೇ ಜಗ್ಗಿದವನು ತನ್ನ ಹಡಗಿಗೆ ವಾಪಸ್. ಇನ್ನೊಬ್ಬನಿಗೆ ಬೇರೆ ಜೋಡಿ ಕೊಟ್ಟು ಮತ್ತೆ ಇಳಿಸುತ್ತಿದ್ದರು.

ಹಗ್ಗ ಹಿಡಿದವನು ಲೋಕ. ಇನ್ಯಾರು?

ಬಂದರಿನ ನೀರು ಎಣ್ಣೆ ಕುಡಿದು ಕಪ್ಪಾಗಿತ್ತು. ಹಡಗಿನ ಅಡಿಗೆ ಹೋದ ಮೇಲೆ ತಲೆಯ ಮೇಲೆ ಬರೀ ಕಬ್ಬಿಣ. ಎಲ್ಲಿ ಕೈ ಇಟ್ಟರೂ ಕಬ್ಬಿಣ, ಅದಕ್ಕೆ ಮೆತ್ತಿದ ಚಿಪ್ಪು. ಮರ ಹತ್ತುವವನಿಗೆ ಯಾವಾಗಲೂ ಮೇಲೆ ಆಕಾಶ ಇರುತ್ತದೆ. ಅಲ್ಲಿ ಇರಲಿಲ್ಲ. ನನಗೆ ಏನಾಯಿತೋ — ಇಲ್ಲ, ಏನಾಯಿತು ಅಂತ ಗೊತ್ತು. ಹೆದರಿದೆ. ಹಗ್ಗ ಹುಡುಕಿದೆ. ಅದನ್ನು ಹಿಡಿದಿದ್ದ ಲೋಕನ ಕೈ ಸಿಕ್ಕಿತು. ಅವನು ಆ ಕೈ ಗಟ್ಟಿ ಮಾಡಿ, ಇನ್ನೊಂದು ಕೈಯಿಂದ ನನ್ನ ಭುಜ ಒತ್ತಿದ. ತಡಿ, ತಡಿ ಅನ್ನುವ ಹಾಗೆ. ನಾನು ಅವನ ಕೈ ಮೇಲೆ ನನ್ನ ಕೈ ಹಾಕಿ, ಅವನ ಕೈಯನ್ನೂ ಸೇರಿಸಿಕೊಂಡು, ನಾಕು ಸಲ ಜಗ್ಗಿದೆ.

ದೋಣಿಗೆ ಎಳೆದುಕೊಂಡರು. ಆಫೀಸರು ಕೇಳಿದರು: "ಹಗ್ಗ ಜಗ್ಗಿದವನು ಯಾರು?"

"ಇವನು ಸಾರ್" ಅಂದೆ.

ಲೋಕ ನನ್ನ ಕಡೆ ನೋಡಿದ. ಮುಖದ ಮೇಲೆ ಮುಳುಗುವಾಗ ಹಾಕಿದ್ದ ಕನ್ನಡಕದ ಗುರುತು ಕೆಂಪಗೆ ಮೂಡಿತ್ತು. ಆಮೇಲೆ ಆಫೀಸರ ಕಡೆ ತಿರುಗಿ, ಎಸ್ಟೇಟಿನಲ್ಲಿ ರೈಟರ್‌ಗೆ ಹೇಳುತ್ತಿದ್ದ ಹಾಗೇ, "ಹಗ್ಗ ನನ್ ಕೈಲಿತ್ತು ಸಾರ್" ಅಂದ.

ಅವನು ಹಾಗೇ ಅನ್ನುತ್ತಾನೆ ಅಂತ ನನಗೆ ಗೊತ್ತಿತ್ತು. ಇದನ್ನೇ ನಾನು ಹೇಳಬೇಕಾಗಿದ್ದುದು. ಗಾಬರಿಯಲ್ಲಿ ಬಾಯಿ ತಪ್ಪಿ ಬಂದ ಮಾತಲ್ಲ ಅದು. ನಮ್ಮ ತೋಟದ ಕಟ್ಟಳೆ ಅವನ ನಾಲಿಗೆಯನ್ನು ಕಟ್ಟಿಹಾಕುತ್ತದೆ ಅಂತ ತಿಳಿದೇ ಅಂದೆ. ಮನೆಯಲ್ಲಿ ಎರಡು ವರ್ಷದ ಮಗಳಿದ್ದಳು, ಹೆಸರು ಮಾಡಬೇಕೆಂಬ ಆಸೆ ಇತ್ತು — ಬೇಡ, ಅದೆಲ್ಲ ನೆವ. ಎರಡು ದಿನ ಬಿಟ್ಟು ಬೇರೆ ಜೋಡಿಯ ಜೊತೆ ಇಳಿದು ಪಾಸಾದೆ. ಆಮೇಲೆ ಎಂದೂ ಹೆದರಲಿಲ್ಲ. ಅದೂ ನೆವವಾಗುವುದಿಲ್ಲ.

ಲೋಕ ವಾಪಸ್ ತನ್ನ ಹಡಗಿಗೆ ಹೋದ. ಸರ್ವಿಸ್ ಮುಗಿಸಿ ಊರಿಗೆ ಬಂದು ಮತ್ತೆ ಮೆಣಸಿನ ಹಗ್ಗ ಹಿಡಿದ. ನಾನೂ ಬಂದೆ. ಹೈವೇ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಎಷ್ಟು ಸಲ ಆ ಕಥೆ ಹೇಳಿದೆನೋ! ಲೋಕ ಗಡಗಡ ನಡುಗಿದ್ದು, ಹಗ್ಗಕ್ಕೆ ಜೋತು ಬಿದ್ದದ್ದು. ಒಂದೊಂದು ಸಲಕ್ಕೂ ಒಂದೊಂದು ಹೊಸದು ಸೇರಿಸಿ. ಜನ ಅವನಿಗೆ 'ನಾಕ್‌ಜಗ್ಗು' ಅಂತ ಹೆಸರಿಟ್ಟರು. "ಏನ್ ನಾಕ್‌ಜಗ್ಗಣ್ಣ, ಬಸ್ಸು ನಿಲ್ಸೋಕೆ ಎಷ್ಟು ಸಲ ಜಗ್ತೀಯಾ?" ಅವನು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಪುಟ್ಟನಿಗೆ ಈಜು ಕಲಿಸಿದವನು ಯಾರು ಗೊತ್ತೇ? ಲೋಕ. ಬೇಸಿಗೆ ರಜೆಗೆ ಮಗಳ ಊರು ಮಗ್ಗೆಯಿಂದ ಹುಡುಗ ನಮ್ಮಲ್ಲಿಗೆ ಬಂದರೆ, ಎಸ್ಟೇಟಿನ ಕೆರೆಯಲ್ಲಿ ಅವನ ಸೊಂಟಕ್ಕೆ ಹಗ್ಗ ಕಟ್ಟಿ, ದಡದಲ್ಲಿ ನಿಂತು, "ಹೋಗ್ಲಾ, ಹಗ್ಗ ನನ್ ಕೈಲೈತೆ" ಅನ್ನುತ್ತಿದ್ದ. ನಾನು ಬಂಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದೆ.

ನಿನ್ನೆ ಫೋನಿನಲ್ಲಿ ಪುಟ್ಟ ಹೇಳಿದ: "ಹಡಗಿನ ಅಡಿಗೆ ಹೋದಾಗ ನಂಗೂ ಕೈ ಹಗ್ಗದ ಹತ್ರ ಹೋಯ್ತು ತಾತ. ಲೋಕತಾತನ ಥರ ಆಗ್ಬಾರ್ದು, ನಿನ್ ಥರ ಆಗ್ಬೇಕು ಅಂತ ಹಲ್ಲು ಕಚ್ಕಂಡು ಇದ್ಬುಟ್ಟೆ."

ಡೈರಿಗೆ ಹೋಗಿ ಕುಣಿದು ಬಂದೆನಲ್ಲ — ಬರುವಾಗ ದಾರಿಯಲ್ಲಿ ಆ ಮಾತು ಕಾಲಿಗೆ ತೊಡರಿತು. ನನ್ನ ಸುಳ್ಳು ಹಿಡಿದುಕೊಂಡು ನನ್ನ ಮೊಮ್ಮಗ ನೀರಿನಡಿಯಲ್ಲಿ ನಿಂತಿದ್ದ. ಕಲಿಸಿದವನನ್ನೇ ಹೇಡಿ ಅಂದುಕೊಂಡು.

ಮಧ್ಯಾಹ್ನ ಎಸ್ಟೇಟಿನ ಕಣಕ್ಕೆ ಹೋದೆ. ಲೋಕ ಹಗ್ಗ ಸುತ್ತುತ್ತಿದ್ದ.

"ಲೋಕ, ಅವತ್ತು ಜಗ್ಗಿದ್ದು ನಾನು ಕಣೋ."

"ನನ್ ಕೈ ಮ್ಯಾಲೆ ನಿನ್ ಕೈ ಇತ್ತಲ್ಲ ಮಾರಾಯ, ನಂಗೊತ್ತಿಲ್ವಾ? ಇದನ್ನ ಹೇಳೋಕೆ ಬಿಸ್ಲಾಗೆ ಬಂದ್ಯಾ?"

"ಸಾಯಂಕಾಲ ಊಟಕ್ಕೆ ಬಾ. ಎಲ್ರ ಮುಂದೂ ಹೇಳ್ತೀನಿ. ಪುಟ್ಟನೂ ಫೋನಲ್ಲಿರ್ತಾನೆ."

ಅವನು ಹಗ್ಗ ಸುತ್ತುವುದನ್ನು ನಿಲ್ಲಿಸಿದ. "ಹುಡ್ಗ ಖುಷೀಲವ್ನೆ. ಇವತ್ತು ಬ್ಯಾಡ."

"ಮತ್ಯಾವತ್ತು?"

ಅವನು ಹಗ್ಗದ ಸುರುಳಿ ಕೆಳಗಿಟ್ಟು ಅಂದ: "ವಾಪಸ್ ಕಳ್ಸಿದ್ದು ನಂಗೆ ಬ್ಯಾಸ್ರ ಇಲ್ಲ. ಹೋಟ್ಲಾಗೆ ಜನ ನಗ್ಸ್ತಿದ್ಯಲ್ಲ — ಅದು." ಅಷ್ಟೇ. ಮತ್ತೆ ಹಗ್ಗ ಸುತ್ತತೊಡಗಿದ.

ಸಾಯಂಕಾಲ ಮಗ್ಗೆಯಿಂದ ಮಗಳು ಶಾಂತ, ಅಳಿಯ ಬಂದರು. ನನ್ನ ಹೆಂಡತಿ ಗಂಗಮ್ಮ ಕಡುಬು ಬೇಯಿಸಿ ಕೋಳಿ ಸಾರು ಮಾಡಿದ್ದಳು. ಲೋಕ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಬಾಗಿಲ ಹತ್ತಿರವೇ ಕೂತ. ಶಾಂತ ಪುಟ್ಟನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವ ಹಾಗೆ ನಡುವೆ ಇಟ್ಟಳು. ಎಲೆ ಹಾಕಿದ್ದರು, ಇನ್ನೂ ಬಡಿಸಿರಲಿಲ್ಲ. ನಾನು ಎದ್ದು ನಿಂತು ಹೇಳಿದೆ. ಮೇಲೆ ಬರೆದಷ್ಟನ್ನೇ. ಗಾಬರಿಯಲ್ಲಿ ಅಂದದ್ದಲ್ಲ ಅನ್ನುವುದನ್ನೂ.

ಫೋನ್ ಕಟ್ ಆಯಿತೇನೋ ಅಂತ ಶಾಂತ ಬಗ್ಗಿ ನೋಡಿದಳು. ಆಮೇಲೆ ಪುಟ್ಟನ ದನಿ ಬಂತು.

"ಲೋಕತಾತ ಅಲ್ಲೇ ಅವ್ರಾ? ಫೋನ್ ಅವ್ರಿಗೆ ಕೊಡಮ್ಮ."

ನನ್ನ ಜೊತೆ ಮಾತಾಡಲಿಲ್ಲ ಅವನು. ಸರಿಯೇ. ಲೋಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಕಡೆಯಿಂದ ಹುಡುಗ "ತಪ್ಪಾಯ್ತು ಲೋಕತಾತ" ಅಂದ.

"ಆಯ್ತು ಬುಡ್ಲಾ" ಅಂದ ಲೋಕ. "ಕಾಲಿನ್ ರೆಕ್ಕೆ ಸರಿಯಾಗ್ ಕೂರ್ತದಾ? ನಮ್ಗೆ ಕೂರ್ತಿರ್ಲಿಲ್ಲ. ಊಟ ಮಾಡ್ದಾ?"

ನಮ್ಮ ಮನೆಯಲ್ಲಿ ಮೊದಲ ಕಡುಬು ಯಾವತ್ತೂ ನನ್ನ ಎಲೆಗೇ ಬೀಳುವುದು. ಗಂಗಮ್ಮ ಪಾತ್ರೆ ಹಿಡಿದು ಬಂದವಳು ನನ್ನನ್ನು ದಾಟಿ ಹೋಗಿ, ಬಾಗಿಲ ಹತ್ತಿರ ಕೂತಿದ್ದ ಲೋಕನನ್ನು ನಡುವಿಗೆ ಕರೆದು ಕೂರಿಸಿ, ಅವನ ಎಲೆಗೆ ಎರಡು ಕಡುಬು ಹಾಕಿದಳು. ಸಾರು ಬಿಟ್ಟಳು. ಅವನು ಕಡುಬು ಮುರಿದು, ಸಾರಿನಲ್ಲಿ ಅದ್ದಿದ. ನಾವೆಲ್ಲ ಕಾದೆವು. ಅವನು ಮೊದಲ ತುತ್ತು ಬಾಯಿಗಿಟ್ಟು, "ಉಪ್ಪು ಒಂಚೂರು ಕಮ್ಮಿ ಕಣಮ್ಮ" ಅಂದ.

ಆಮೇಲೆ ಎಲ್ಲರೂ ಉಂಡೆವು.