ಸ್ಟುಡಿಯೊದ ಸುರಂಗದಲ್ಲಿ ಅವ್ವ ಕೂಗಿದ ಹೆಸರು

ಆಗೆಲ್ಲ ಬೇಸಿಗೆ ರಜೆ ಎಂದರೆ ಮಾಳಿಗೆ ಎಂದೇ ಅರ್ಥ. ವಡೋದರಾದ ಮಂಜಲ್‌ಪುರದ ನಮ್ಮ ಸೊಸೈಟಿಯ ಮಕ್ಕಳು ಬಿಸಿಲು ಇಳಿಯುತ್ತಲೇ ಮೇಲೆ ಓಡುತ್ತಿದ್ದರು. ಆಟ ಅಲ್ಲೇ, ಐಸ್ ಗೋಲಾ ಚೀಪುವುದೂ ಅಲ್ಲೇ. ಗೋಲಾ ಚೀಪಿ ನಾಲಗೆ ಕೆಂಪು ಮಾಡಿಕೊಂಡು ಬೆಳೆದವರಿಗೆ ಆ ಸುಖವನ್ನು ನಾನು ವರ್ಣಿಸಬೇಕಾಗಿಲ್ಲ. ನಾನಂತೂ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದವಳು. ಮಾಳಿಗೆ ಹತ್ತಲು ಅವ್ವನ ಅಪ್ಪಣೆ ಇರಲಿಲ್ಲ.

ಅವ್ವನ ಕಾನೂನುಗಳು ಒಂದೆರಡಲ್ಲ. ಬಚ್ಚಲಮನೆಯ ಅಗಳಿ ಹಾಕಬಾರದು. ಕಪಾಟಿನ ಮೇಲೆ ಏನನ್ನೂ ಇಡಬಾರದು. ಮಲಗುವಾಗ ತನ್ನ ಸೆರಗಿನ ತುದಿಯನ್ನು ನನ್ನ ಫ್ರಾಕಿಗೆ ಗಂಟು ಹಾಕುತ್ತಿದ್ದಳು. ದಾರಿಯಲ್ಲಿ ನಡೆಯುವಾಗ ನನ್ನ ಅಂಗೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದಳು. ಮನೆಗೆ ಬಂದಮೇಲೂ ಅವಳ ಬೆರಳಿನ ಗುರುತು ಅಲ್ಲಿ ಕೆಂಪಗೆ ಉಳಿದಿರುತ್ತಿತ್ತು. ಗಣರಾಜ್ಯೋತ್ಸವದ ದಿನ ಶಾಲೆಯಲ್ಲಿ ಧ್ವಜಾರೋಹಣಕ್ಕೆ ಎಲ್ಲರೂ ಹೋದರೆ ನನಗೆ ಜ್ವರ. ನಿನ್ನ ಜ್ವರ ಕ್ಯಾಲೆಂಡರ್ ನೋಡಿ ಬರುತ್ತದೇನೆ ಎಂದು ಟೀಚರ್ ಒಮ್ಮೆ ಕೇಳಿದ್ದರು.

ನನ್ನವ್ವ ಶುದ್ಧ ಪುಕ್ಕಲಿ ಎಂದೇ ನಾನು ತಿಳಿದಿದ್ದೆ. ಧಾರವಾಡದಿಂದ ಬಂದ ಅಪ್ಪ-ಅವ್ವ ಮೊದಲು ಅಹಮದಾಬಾದಿನ ಮಣಿನಗರದಲ್ಲಿದ್ದರು, ನಾನು ಹುಟ್ಟುವ ಮುಂಚೆ ಇಲ್ಲಿಗೆ ಬಂದರು ಎಂಬುದಷ್ಟೇ ನನಗೆ ಗೊತ್ತಿತ್ತು. ಆ ಮನೆ ಯಾಕೆ ಬಿಟ್ಟಿರಿ ಎಂದರೆ ಅಪ್ಪ ಪೇಪರ್ ಮಡಚಿಟ್ಟು ಎದ್ದುಹೋಗುತ್ತಿದ್ದ. ನಮ್ಮ ಮನೆಯಲ್ಲಿ ಒಂದಾದರೂ ಹಳೆಯ ಫೋಟೊ ಇರಲಿಲ್ಲ.

ಎದುರುಮನೆಯ ಹಂಸಾಬೆನ್ ಒಂದು ಬೇಸಿಗೆಯಲ್ಲಿ ಅಮೆರಿಕ ಪ್ರವಾಸದ ಸುದ್ದಿ ತಂದರು. ಗುಜರಾತಿಗಳದೇ ತಂಡ, ಜೊತೆಯಲ್ಲಿ ಅಡುಗೆಯ ಮಹಾರಾಜ ಬೇರೆ. ಹೋದಲ್ಲೆಲ್ಲ ಬಿಸಿ ದಾಳ್-ಭಾತ್. ಧಾರವಾಡ ಬಿಟ್ಟು ಬೇರೆಲ್ಲಿಗೂ ಕರೆದುಕೊಂಡು ಹೋಗದ ಅಪ್ಪ ಅದು ಹೇಗೋ ಒಪ್ಪಿಬಿಟ್ಟ. ಅವ್ವ ಸ್ವಲ್ಪ ಹಗುರಾಗಲಿ ಎಂದಿರಬೇಕು. ಅವಳು ಹಾಕಿದ ಷರತ್ತು ಒಂದೇ: ಹೋಟೆಲಿನಲ್ಲಿ ತನಗೆ ನೆಲ ಅಂತಸ್ತಿನ ರೂಮೇ ಬೇಕು. ಟೂರ್ ಮ್ಯಾನೇಜರ್ ಪ್ರತಿ ಊರಲ್ಲೂ ತಲೆ ಕೆರೆದುಕೊಂಡು ಅದನ್ನು ಹೊಂದಿಸಿಕೊಟ್ಟ.

ಲಾಸ್ ಏಂಜಲೀಸಿನ ಆ ಸಿನಿಮಾ ಸ್ಟುಡಿಯೊ ನೋಡುವ ದಿನ ನಾನು ಬೆಳಗಿನ ಥೇಪ್ಲಾ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟೆ, ಅಷ್ಟು ಆತುರ. ಡಬ್ಬಿಗಳನ್ನು ಜೋಡಿಸಿದ ಉದ್ದ ಗಾಡಿ, ಎರಡೂ ಪಕ್ಕ ಗೋಡೆಯಿಲ್ಲದೆ ತೆರೆದದ್ದು. ಒಂದು ಡಬ್ಬಿಯ ತುಂಬ ನಮ್ಮ ತಂಡದವರೇ. ಪಾಪ್‌ಕಾರ್ನಿನ ಬೆಣ್ಣೆ ವಾಸನೆಯ ನಡುವೆ ಯಾರದೋ ಚೀಲದಿಂದ ಛುಂದಾ ಉಪ್ಪಿನಕಾಯಿಯ ಮಾವಿನ ಘಮ ಬರುತ್ತಿತ್ತು. ಗಾಡಿ ಸಿನಿಮಾದ ಬೀದಿಗಳಲ್ಲಿ ಹೊರಟಿತು. ಎದುರಿನಿಂದ ನೋಡಿದರೆ ಮೂರಂತಸ್ತಿನ ಮನೆ, ಕಿಟಕಿಗೆ ಪರದೆ, ಬಾಗಿಲಲ್ಲಿ ಹೂಕುಂಡ. ತಿರುವು ದಾಟಿ ಹಿಂದಕ್ಕೆ ಬಂದರೆ ಒಂದು ಗೋಡೆ, ಅದಕ್ಕೆ ಆಸರೆ ಕೊಟ್ಟ ಮರದ ತೊಲೆಗಳು, ಅಷ್ಟೇ. ನಾವೆಲ್ಲ ನಕ್ಕೆವು. ಅವ್ವ ನಗಲಿಲ್ಲ. ಒಳಗೆ ಏನೂ ಇಲ್ಲದ ಆ ಮನೆಗಳನ್ನು ನೋಡುತ್ತ ನನ್ನ ಮಣಿಕಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದಳು. ಇನ್ನೂ ಎಷ್ಟು ಹೊತ್ತು ಎಂದು ಅಪ್ಪನನ್ನು ಕೇಳಿದಳು.

ಮುಂದೆ ಒಂದು ಸುರಂಗವಿತ್ತು. ಅದರೊಳಗೆ ಏನಿದೆ ಎಂದು ಹಂಸಾಬೆನ್ ಕೇಳಿದ್ದಕ್ಕೆ ಮ್ಯಾನೇಜರ್, ಅದು ಸರ್‌ಪ್ರೈಸ್, ಹೇಳಿಬಿಟ್ಟರೆ ಮಜಾ ಹೋಗುತ್ತದೆ ಎಂದು ಕಣ್ಣು ಮಿಟುಕಿಸಿದ. ಪಾಪ, ಅವನೂ ಗುಜರಾತಿನವನೇ, ಸುರತ್ತಿನವನು. ಆದರೆ ಚಿಕ್ಕ ವಯಸ್ಸು, ಅವನಿಗೆ ಹೊಳೆಯಲಿಲ್ಲ.

ಗಾಡಿ ಒಳಗೆ ಹೋಗಿ ನೆಲದಡಿಯ ರೈಲು ನಿಲ್ದಾಣದಂಥ ಜಾಗದಲ್ಲಿ ನಿಂತಿತು. ತಣ್ಣಗಿತ್ತು. ಸಿಮೆಂಟಿನ ವಾಸನೆ. ದೀಪಗಳು ಒಮ್ಮೆ ಹೋಗಿ ಬಂದವು. ಆಮೇಲೆ ಕೆಳಗಿನಿಂದ ಒಂದು ಸದ್ದು ಬಂತು, ಬೀಸುಕಲ್ಲು ತಿರುಗಿದ ಹಾಗೆ, ಸಣ್ಣಗೆ. ಆಟ ಶುರುವಾಯಿತೆಂದು ನಾನು ಹಿಗ್ಗಿದೆ. ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡತೊಡಗಿತು. ಕಂಬಗಳು ಅಲುಗಿದವು. ಮೇಲಿನ ಚಾವಣಿ ಸೀಳಿ ದೊಡ್ಡ ಹಲಗೆಯೊಂದು ಜೋತುಬಿತ್ತು.

ಮುಂದಿನ ಡಬ್ಬಿ, ಹಿಂದಿನ ಡಬ್ಬಿ, ಎಲ್ಲ ಕಡೆ ಕೇಕೆ, ನಗು. ನಮ್ಮ ಡಬ್ಬಿಯವರು ಮಾತ್ರ ಎದ್ದು ನಿಂತರು, ಯಾರೂ ಹೇಳದೆ, ಒಟ್ಟಿಗೆ. ಹಂಸಾಬೆನ್, ಅವರ ಗಂಡ, ಮಂಡಿ ನೋವಿನ ಮುದುಕರು, ಎಲ್ಲರೂ ಹೊರಗಿನ ಬಯಲಿಗೆ ಓಡುವುದಕ್ಕೆಂದು ಗಾಡಿಯ ಅಂಚಿಗೆ ನುಗ್ಗಿದರು. ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಧ್ವನಿವರ್ಧಕ ಇಂಗ್ಲಿಷಿನಲ್ಲಿ ಅರಚುತ್ತಿತ್ತು.

ಅವ್ವ ನನ್ನ ಕೈ ಬಿಟ್ಟಳು.

ಹುಟ್ಟಿದಾಗಿನಿಂದ ಬಿಡದವಳು ಆಗ ಬಿಟ್ಟಳು. ಎದ್ದು ನಿಂತು, ಆ ಒಡೆದ ಚಾವಣಿಯತ್ತ ಮುಖ ಎತ್ತಿ, ನಾನು ಎಂದೂ ಕೇಳದ ದನಿಯಲ್ಲಿ ಕೂಗಿದಳು.

"ರೂಪಾ, ಲಗೂ ಕೆಳಗ ಬಾ. ರೂಪಾ!"

ನನ್ನ ಹೆಸರು ರೂಪಾ ಅಲ್ಲ. ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಅವಳು ನೋಡಲೇ ಇಲ್ಲ. ಅಪ್ಪ ಅವಳ ಎರಡೂ ಭುಜ ಹಿಡಿದು ಕೂರಿಸಲು ಹೆಣಗುತ್ತಿದ್ದ. "ಇದು ಖರೇ ಅಲ್ಲ, ಆಟ ಅದ. ಅಕಿ ಇಲ್ಲಿಲ್ಲ," ಎಂದ. ರೂಪಾ ಯಾರು ಎಂದು ಅಪ್ಪ ಕೇಳಲಿಲ್ಲ.

ಸದ್ದು ನಿಂತಿತು. ಜೋತುಬಿದ್ದ ಹಲಗೆ ತಾನಾಗಿ ಮೇಲೆದ್ದು ಚಾವಣಿಗೆ ಸೇರಿಕೊಂಡಿತು. ದೀಪಗಳು ಬಂದವು, ನಮ್ಮ ಹಿಂದೆ ಬರುವ ಗಾಡಿಗಾಗಿ ಎಲ್ಲ ಮೊದಲಿನಂತಾಯಿತು. ಮುಂದಿನ ಡಬ್ಬಿಯವರು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಮರದ ಕೆಳಗೆ ಮಹಾರಾಜ ಎಲ್ಲರಿಗೂ ಬಡಿಸಿದ. ನಮ್ಮವರು ತಮ್ಮ ಪೇಚಾಟಕ್ಕೆ ತಾವೇ ನಗತೊಡಗಿದ್ದರು. ಮ್ಯಾನೇಜರ್ ಕ್ಷಮೆ ಕೇಳಿ ಕೈ ಮುಗಿದು ಮುಗಿದು ಸುಸ್ತಾಗಿದ್ದ. ಹಾಗೇ ಮಾತು 2001ರ ಗಣರಾಜ್ಯೋತ್ಸವದ ಬೆಳಗಿನ ಭೂಕಂಪಕ್ಕೆ ಹೊರಳಿತು. ನಮ್ಮ ಕಡೆ ಅದರ ಕಥೆ ಇಲ್ಲದವರೇ ಇಲ್ಲ. ಒಬ್ಬರು ಸ್ನಾನ ಮಾಡುತ್ತಿದ್ದರು, ಟವಲಿನಲ್ಲೇ ಬೀದಿಗೆ ಓಡಿ ಬಂದರು. ಇನ್ನೊಬ್ಬರು ಧ್ವಜಾರೋಹಣದ ಸಾಲಿನಲ್ಲಿದ್ದರು. ಹೀಗೆ ಸುತ್ತಿ ಬಂದು ಹಂಸಾಬೆನ್ ಸಹಜವಾಗಿ ಅವ್ವನನ್ನು ಕೇಳಿದರು, ನೀವು ಎಲ್ಲಿದ್ದಿರಿ ಬೆನ್ ಎಂದು.

ಅವ್ವ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಗುಜರಾತಿಯಲ್ಲಿ "ನೀಚೆ," ಎಂದಳು. ಕೆಳಗೆ. ಓ, ಒಳ್ಳೆಯದಾಯಿತು, ಬಚಾವಾದಿರಿ ಎಂದು ಹಂಸಾಬೆನ್ ಮಜ್ಜಿಗೆ ತರಲು ಎದ್ದರು. ಅವರು ಹೋದಮೇಲೆ ಅವ್ವ ಕನ್ನಡದಲ್ಲಿ ಉಳಿದದ್ದನ್ನು ಹೇಳಿದಳು. ಅಲ್ಲಿ ಅದು ತಿಳಿಯುತ್ತಿದ್ದದ್ದು ನಮಗೆ ಮೂವರಿಗೇ.

"ಹಾಲು ತರಾಕ ನಾ ಇಳದಿದ್ದೆ. ಅಕಿ ಮ್ಯಾಲ ರಿಬ್ಬನ್ ಕಟ್ಟಿಕೋತ ನಿಂತಿದ್ಲು."

ಅಂದು ಅಪ್ಪ ನನ್ನನ್ನು ದೂರ ಕರೆದೊಯ್ದು, ಒಂದು ಬೆಂಚಿನ ಮೇಲೆ ಕೂರಿಸಿ, ನಿನಗೊಬ್ಬ ಅಕ್ಕ ಇದ್ದಳು ಎಂದ. ನಿನ್ನಷ್ಟೇ ಇದ್ದಳು ಎಂದ. ಮಣಿನಗರದ ಆ ಕಟ್ಟಡ ಕುಸಿದಾಗ ಅವಳ ಜೊತೆ ಬಟ್ಟೆ, ಪಾತ್ರೆ, ಫೋಟೊ ಎಲ್ಲವೂ ಹೋದವು. ನಾನು ಅಳಲಿಲ್ಲ, ನನಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಅವ್ವ ಗಟ್ಟಿಯಾಗಿ ಹಿಡಿದದ್ದು ನನ್ನ ಕೈಯನ್ನಲ್ಲ ಎಂದು ಗೊತ್ತಾಗಿ, ಎಂದೂ ನೋಡದ ಹುಡುಗಿಯ ಮೇಲೆ ಹೊಟ್ಟೆಕಿಚ್ಚಿನಿಂದ ಕುದ್ದುಹೋದೆ.

ಊರಿಗೆ ಮರಳಿದ ಮೇಲೆ ಅವ್ವನ ಹಿಡಿತ ಸಡಿಲವಾಯಿತು. ಮಾಳಿಗೆಗೆ ಹೋಗು ಎಂದು ತಾನೇ ಹೇಳಿದಳು. ಹೋದೆ. ಅಲ್ಲಿ ನಿಂತರೆ ಯಾರೋ ಕೆಳಗಿನಿಂದ ಕರೆದಾರು ಎಂದು ಅಂಜಿಕೆಯಾಗಿ ಇಳಿದು ಬರುತ್ತಿದ್ದೆ. ಅವ್ವ ಮಾತ್ರ ಆಮೇಲೆ ಆ ಹೆಸರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ಬೇಕಾದಷ್ಟು ಸಮಯವಿದೆ ಎಂದುಕೊಂಡೆ.

ಹೋದ ವರ್ಷ ಅವ್ವ ತೀರಿಕೊಂಡಳು. ದಿನಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಧೈರ್ಯ ಮಾಡಿ ಅಪ್ಪನನ್ನು ಕೇಳಿದೆ, ಅಕ್ಕ ನೋಡಲು ಹೇಗಿದ್ದಳು ಎಂದು.

"ನಿನ್ನಂಗ ಇದ್ಲು," ಎಂದ ಅಪ್ಪ. ಆಮೇಲೆ ನನ್ನನ್ನೇ ಬಹಳ ಹೊತ್ತು ನೋಡಿದ. "ಹಂಗ ಅಂತೀನಿ ಖರೆ. ಈಗ ಕಣ್ಣ ಮುಚ್ಚಿದ್ರ ನೀನ ಬರ್ತಿ. ಅಕಿ ಮುಖ ನಿಮ್ಮವ್ವಗಷ್ಟ ನೆನಪಿತ್ತು."

ನಾನು ಎದ್ದು ಒಳಗೆ ಹೋದೆ. ಅಕ್ಕನ ಮುಖದ ಮೇಲೆ ನನ್ನದೇ ಮುಖ ಕೂತಿದೆ ಎನಿಸಿ, ಅಪ್ಪನ ಕಣ್ಣೆದುರು ಇನ್ನೂ ನಿಂತಿರಲು ನನಗೆ ಧೈರ್ಯವಾಗಲಿಲ್ಲ.