ವರ್ನಾ ಅಂಗಡಿ ತೆರೆದ ದಿನ

ನಮ್ಮ ನದಿದಂಡೆಯ ಊರಿನಲ್ಲಿ ಬೇಸ್‌ಬಾಲ್ ಋತುವಿನ ಮೊದಲ ಪಂದ್ಯದ ದಿನ ಮಾರುಕಟ್ಟೆಗೆ ರಜೆ. ಯಾರೋ ಕೊಟ್ಟ ರಜೆಯಲ್ಲ. ಯಾರೂ ಬಾಗಿಲು ತೆರೆಯುತ್ತಿರಲಿಲ್ಲ, ಅಷ್ಟೇ. ಅಂಗಡಿಯವರೆಲ್ಲ ಮೆರವಣಿಗೆಯಲ್ಲಿ ಮೈದಾನಕ್ಕೆ ಹೋಗುತ್ತಿದ್ದರು. ಆ ವರ್ಷ ಯಾರ ಸರದಿಯೋ ಅವರು ನಮ್ಮ ತಂಡದ ಎಸೆತಗಾರನ ಕೈಗೆ ಹೊಸ ಚೆಂಡು ಕೊಡಬೇಕು. ಪಂದ್ಯದ ಮೊದಲ ಎಸೆತ ಅದೇ ಚೆಂಡಿನಲ್ಲಿ. ಆಮೇಲೆ ಅದು ಮಣ್ಣಿನ ಗುರುತಿನ ಸಮೇತ ಕೊಟ್ಟವರಿಗೇ ಮರಳುತ್ತಿತ್ತು. ಮೀನಿನಂಗಡಿಯಲ್ಲಿ, ಚೀಸ್ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಗಾಜಿನ ಭರಣಿಯೊಳಗೆ ಅಂಥ ಚೆಂಡುಗಳು ಈಗಲೂ ಇವೆ.

ವರ್ನಾ ಕೆಸ್ಸಿಂಗ್ ಎಂಬವಳ ಮಾಂಸದಂಗಡಿಯಲ್ಲಿ ಅಂಥ ಚೆಂಡು ಇರಲಿಲ್ಲ. ಅವಳ ತಂದೆ ತನ್ನ ಸರದಿಗೆ ಮುಂಚಿನ ಚಳಿಗಾಲದಲ್ಲಿ ತೀರಿಕೊಂಡ. ಸರದಿ ಮನುಷ್ಯನದು, ಅಂಗಡಿಯದಲ್ಲ. ಮಗಳು ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಯಿತು. ಅದು ಅನ್ಯಾಯವೆಂದು ಅವಳು ದೂರಿದ್ದನ್ನು ನಾನು ಕೇಳಿಲ್ಲ. ಈ ಊರಿನ ಶಾಲೆಗೆ ಲ್ಯಾಟಿನ್ ಕಲಿಸಲು ಬಂದಾಗಿನಿಂದ ನಾನು ಅವಳ ಗಿರಾಕಿ. ಹಂದಿಮಾಂಸವನ್ನೂ ಓಟ್ಸನ್ನೂ ಒಟ್ಟಿಗೆ ಬೇಯಿಸಿ ಅಚ್ಚಿನಲ್ಲಿ ಆರಿಸಿದ ಗೆಟ್ಟಾವನ್ನು ಅವಳಷ್ಟು ಚೆನ್ನಾಗಿ ಮಾಡುವವರು ಇಲ್ಲಿರಲಿಲ್ಲ. ಅಷ್ಟು ಕಡಿಮೆ ಮಾತನಾಡುವವರೂ ಇರಲಿಲ್ಲ. ವಯಸ್ಸಾಗಿ ಅವಳ ಮಂಡಿಗಳು ಸೋತಿದ್ದವು. ಆ ಬೇಸಿಗೆಯಲ್ಲಿ ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದ್ದಳು. ಆ ವರ್ಷ ಕೊನೆಗೂ ಬಂದಿದ್ದ ತನ್ನ ಸರದಿಗಾಗಿ ಮಾತ್ರ ಕಾದಿದ್ದಳು.

ಮಾರ್ಚ್‌ನಲ್ಲಿ ತಂಡದ ಕಚೇರಿಯಿಂದ ಅವಳಿಗೆ ಬಹಳ ಮರ್ಯಾದೆಯ ಫೋನ್ ಬಂತು. ಈ ಸಲ ಚೆಂಡು ಕೊಡುವುದು ಮೈದಾನಕ್ಕೆ ಹಣ ಹಾಕಿದ ಕಂಪನಿಯ ಮುಖ್ಯಸ್ಥ. ಮೊದಲ ಎಸೆತದ ಚೆಂಡು ಹರಾಜಿಗೆ ಹೋಗುತ್ತದೆ. ಮಾರುಕಟ್ಟೆಯವರು ಬೇಲಿಯ ಬಳಿ ನಿಂತು ಟಿವಿಯವರತ್ತ ಕೈಬೀಸಬಹುದು.

ಮರುದಿನ ಮೆರವಣಿಗೆಯ ಹಿರಿಯ, ಮೀನಿನಂಗಡಿಯ ಕ್ಲೆಮ್ ಓಬರ್ಡಿಂಗ್, ಚಿಕ್ಕ ಪೆಟ್ಟಿಗೆಯೊಂದನ್ನು ಹಿಡಿದು ಅವಳ ಅಂಗಡಿಗೆ ಬಂದ. ನಾನು ಅಲ್ಲೇ ಇದ್ದೆ.

"ಆಫೀಸಿನವ್ರು ಕೊಟ್ಟಿದಾರೆ ವರ್ನಾ. ಆಟಗಾರರೆಲ್ಲ ಸಹಿ ಹಾಕಿರೋ ಚೆಂಡು. ಭರಣೀಲಿಟ್ರೆ ಮೊದಲ ಎಸೆತದ್ದಲ್ಲ ಅಂತ ಯಾರಿಗೆ ಗೊತ್ತಾಗತ್ತೆ?"

"ನಿನಗೆ ಗೊತ್ತಲ್ಲ. ಇನ್ನು ಊರಿಗೆಲ್ಲ ಗೊತ್ತಾಗೋಕೆ ಎಷ್ಟು ಹೊತ್ತು?"

ಅವನು ನಕ್ಕ. ಮೆರವಣಿಗೆಗಾದರೂ ಬಾ, ವ್ಯಾನಿನಲ್ಲಿ ಕೂರಿಸುತ್ತೇನೆ ಎಂದ.

"ಬೇಲಿ ಹತ್ರ ನಿಂತು ಕೈಬೀಸೋಷ್ಟು ಶಕ್ತಿ ನನ್ನ ಮಂಡಿಗಿಲ್ಲ ಕ್ಲೆಮ್. ಅವತ್ತು ಅಂಗಡಿ ತೆಗೀತೀನಿ."

"ತೆಗೆದು? ಪಾರಿವಾಳಕ್ಕೆ ಮಾರ್ತೀಯಾ?"

ಅವಳು ಚಾಕು ಹಿಡಿದು ಕೆಲಸಕ್ಕೆ ತಿರುಗಿದಳು. ತಮಾಷೆಯಲ್ಲವೆಂದು ತಿಳಿದಾಗ ಅವನ ಮುಖ ಬಿಗಿಯಿತು. ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಟುಹೋದ.

ಪಂದ್ಯದ ದಿನ ಮೆರವಣಿಗೆಯ ಡೋಲುಗಳು ದಾಟಿಹೋದ ಮೇಲೆ ನಾನು ಮಾರುಕಟ್ಟೆಗೆ ಹೋದೆ. ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಅವಳದೊಂದನ್ನು ಬಿಟ್ಟು. ಸ್ಟೂಲಿನ ಮೇಲೆ ಕುಳಿತಿದ್ದಳು. ರೇಡಿಯೊ ಹಾಕಿರಲಿಲ್ಲ. ಒಬ್ಬ ಬಸ್ ಚಾಲಕ, ಪಾಳಿ ಮುಗಿಸಿದ ಒಬ್ಬ ದಾದಿ ಬಂದು ಹೋಗಿದ್ದರಂತೆ. ದಾದಿಗೆ ಅಂಗಡಿ ತೆರೆದಿದ್ದೇ ಅನುಕೂಲವಾಯಿತಂತೆ.

ನನ್ನ ಗೆಟ್ಟಾ ಕತ್ತರಿಸುತ್ತಿದ್ದಾಗ ಮೈದಾನದ ಕಡೆಯಿಂದ ಜನರ ಕೂಗು ತೇಲಿಬಂತು.

"ಎಸೆದ್ರು ಅನ್ಸತ್ತೆ, ಟೀಚರ್," ಎಂದಳು. ಚಾಕು ಒರೆಸಿ ಮಾಂಸವನ್ನು ಕಾಗದದಲ್ಲಿ ಸುತ್ತಿಕೊಟ್ಟಳು.

ಬೇಸಿಗೆಯಲ್ಲಿ ಅಂಗಡಿ ಮುಚ್ಚಿತು. ಮುಂದಿನ ವರ್ಷ ಅದೇ ದಿನ ಚೀಸ್ ಅಂಗಡಿ ತೆರೆದಿತ್ತು, ಹೂವಿನಂಗಡಿಯೂ. ಕ್ಲೆಮ್ ಮೆರವಣಿಗೆಯ ಮುಂದೆ ನಡೆದ. ಅವನ ಸೊಸೆ ಅಂಗಡಿ ತೆರೆದು ಮೀನು ಮಾರುತ್ತಿದ್ದಳು. ಕಂಪನಿಯವರೇ ನಮ್ಮ ದಿನವನ್ನು ಹಾಳುಮಾಡಿದರು ಎಂದು ಊರಿನವರು ಹೇಳುತ್ತಾರೆ. ಅದು ಅರ್ಧ ನಿಜ. ಆ ದಿನ ಬಾಗಿಲು ತೆರೆದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದು ಉಳಿದವರಿಗೆ ತೋರಿಸಿಕೊಟ್ಟವಳು ವರ್ನಾ.

ಇದನ್ನು ಅವಳ ಮನೆಗೆ ಹೋಗಿ ಹೇಳಿದೆ. ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೇಳಿದಳು.

"ವ್ಯಾಪಾರ ಆಯ್ತಂತಾ ಅವರಿಗೆ?"

ಚೆನ್ನಾಗಿಯೇ ಆಯಿತಂತೆ ಎಂದೆ. ಅವಳು ತಲೆಯಾಡಿಸಿ ಕಾಲ ಕೆಳಗಿನ ದಿಂಬನ್ನು ಸರಿಮಾಡಿಕೊಂಡಳು.