ಚಿಕ್ಕಮ್ಮನ ಮೂರು ದಿನ

ಚಿಕ್ಕಮ್ಮನ ಉಗುರುಗಳು ನಡುವೆ ತಗ್ಗಾಗಿದ್ದವು. ಬೆರಳನ್ನು ಮಟ್ಟಸವಾಗಿ ಹಿಡಿದು ಮೇಲೊಂದು ತೊಟ್ಟು ನೀರು ಬಿಟ್ಟರೆ ಅದು ಜಾರದೆ ಅಲ್ಲೇ ನಿಲ್ಲುತ್ತಿತ್ತು. ಚಿಕ್ಕವಳಿದ್ದಾಗ ನಾನು ಅತ್ತರೆ ಅವಳು ತೋರಿಸುತ್ತಿದ್ದ ಆಟ ಅದು. "ನೋಡು ಕೂಸೇ, ದೇವರು ನಂಗೆ ಹತ್ತು ಚಮಚ ಕೊಟ್ಟಿದ್ದಾನೆ," ಎನ್ನುತ್ತಿದ್ದಳು. ಮೈಯಲ್ಲಿ ರಕ್ತ ಇಲ್ಲದವರ ಉಗುರು ಹಾಗಾಗುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕೈ ಎತ್ತಿ ನೋಡಿ, ಮನೆಯಲ್ಲಿ ಯಾರೂ ಇದನ್ನು ಗಮನಿಸಲೇ ಇಲ್ಲವೇ ಎಂದು ಕೇಳಿದರು. ಗಮನಿಸಿದ್ದೆವು. ಎಲ್ಲರೂ ನೋಡಿ ನಕ್ಕಿದ್ದೆವು.

ಅವಳು ನನ್ನ ಅಪ್ಪನ ತಮ್ಮನ ಹೆಂಡತಿ. ಮೆಣಸೆ ಕಡೆಯ ನಮ್ಮ ಮನೆಯಲ್ಲಿ ವ್ರತ, ಹೋಮ, ತಿಥಿ ಎಂದು ಯಾವಾಗಲೂ ಏನಾದರೊಂದು ಇದ್ದೇ ಇರುತ್ತಿತ್ತು. ನನ್ನ ಅಮ್ಮ ಬೇಗ ಹೋದಳು. ಅಜ್ಜಿಗೆ ಮಂಡಿನೋವು. ಅವರು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತು ಹೇಳುವವರು, ಚಿಕ್ಕಮ್ಮ ಮಾಡುವವಳು. ಬೆಳಗ್ಗೆ ಒದ್ದೆ ಸೀರೆ ಉಟ್ಟು ಒಲೆಯ ಮುಂದೆ ಹೋದರೆ ಅವಳ ಮುಖ ನಮಗೆ ಕಾಣುತ್ತಿದ್ದದ್ದು ಹೊಗೆಯ ಆಚೆಗೇ.

ಅವಳನ್ನು ಸರಿಯಾಗಿ ನೋಡಬೇಕೆಂದರೆ ತಿಂಗಳಲ್ಲಿ ಮೂರು ದಿನ ನೋಡಬೇಕಿತ್ತು. ಆಗ ಅವಳು 'ಹೊರಗೆ'. ಹಿತ್ತಲ ಕಡೆ ಒಂದು ಸಣ್ಣ ಕೋಣೆ, ಒಂದು ಚಾಪೆ, ಒಂದು ತಟ್ಟೆ ಲೋಟ. ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ, ಅವಳು ಏನನ್ನೂ ಮುಟ್ಟುವ ಹಾಗಿಲ್ಲ. ಅಲ್ಲಿ ಅವಳು ಹಳೆಯ ವಾರಪತ್ರಿಕೆ ಹರಡಿಕೊಂಡು ಪದಬಂಧ ತುಂಬುತ್ತಿದ್ದಳು, ಮಧ್ಯಾಹ್ನ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು, ಮೊಬೈಲು ಬಂದ ಮೇಲೆ ಸೀರಿಯಲ್ ನೋಡಿ ಒಬ್ಬಳೇ ನಗುತ್ತಿದ್ದಳು. ಚಿಕ್ಕಪ್ಪ ಮಾಡಿದ ಕಾಫಿಯನ್ನು ನಾನು ದೂರದಿಂದ ಇಟ್ಟು ಬಂದರೆ ಒಂದು ಗುಟುಕು ಕುಡಿದು, "ಎಂತದು ಇದು, ಬಟ್ಟೆ ಹಿಂಡಿದ ನೀರಾ?" ಎಂದು ಮನೆಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ಒಳಗಿದ್ದಾಗ ಆ ದನಿ ಇರುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದಾಗ ನನಗೆ ಇದರ ಮೇಲೆ ಬಹಳ ಸಿಟ್ಟು ಬಂತು. ರಜೆಗೆ ಬಂದವಳು ಹೊಸ್ತಿಲ ಈಚೆ ನಿಂತು, ಇದು ಅವಮಾನ, ನೀನು ಒಪ್ಪಬಾರದು ಎಂದು ಭಾಷಣ ಮಾಡಿದೆ. ಅವಳು ಪೆನ್ಸಿಲ್ಲಿನ ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದಳು. "ಅವಮಾನವೇ, ಇಲ್ಲ ಅಂದೋರು ಯಾರು? ಆದ್ರೆ ಈ ಮೂರು ದಿನ ಕಿತ್ಕೊಂಡು ನೀ ನಂಗೆ ಎಂತ ಕೊಡ್ತೀ?" ಎಂದಳು.

ಕಿತ್ತುಕೊಂಡದ್ದು ನಾನಲ್ಲ, ಮಾತ್ರೆ. ಮುಟ್ಟನ್ನು ಮುಂದೆ ಹಾಕುವ ಮಾತ್ರೆ ಪೇಟೆಯಲ್ಲಿ ಸಿಗುತ್ತದೆ ಎಂದು ಅಜ್ಜಿಗೆ ಯಾರೋ ಹೇಳಿದರು. ಚಿಕ್ಕಪ್ಪ ಶೃಂಗೇರಿಯ ಮೆಡಿಕಲ್‌ನಿಂದ ತಂದರು. ಮೊದಲು ಅಜ್ಜನ ತಿಥಿಗೆ, ಆಮೇಲೆ ವ್ರತಕ್ಕೆ, ಆಮೇಲೆ ನೆಂಟರು ಬರುತ್ತಾರೆ ಎಂಬುದಕ್ಕೂ. ಹಣೆಯ ಮೇಲೆ ಬೆವರು ಬರುತ್ತದೆ, ತಲೆ ಸಿಡಿಯುತ್ತದೆ, ನಿಲ್ಲಿಸಿದ ಮೇಲೆ ಕಟ್ಟೆ ಒಡೆದ ಹಾಗೆ ಹೋಗುತ್ತದೆ ಎಂದು ಅವಳು ಹೇಳಿದರೆ, ಎಲ್ಲರೂ ನುಂಗುತ್ತಾರೆ, ನಿನ್ನದೊಂದು ದೊಡ್ಡ ಮೈ ಎಂದು ಅಜ್ಜಿ ಬಾಯಿ ಮುಚ್ಚಿಸುತ್ತಿದ್ದರು. ಹೆಂಡತಿಯ ಪರವಾಗಿ ಚಿಕ್ಕಪ್ಪ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಹಿತ್ತಲ ಕೋಣೆಯಲ್ಲಿ ಸೌದೆ ತುಂಬಿತು.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಒಂದು ಸಲ ಅಜ್ಜನ ತಿಥಿಯ ದಿನ ನಾನು ಮನೆಯಲ್ಲಿದ್ದೆ. ಎಲೆ ಹಾಕಿ ಆಗಿತ್ತು. ಬ್ರಾಹ್ಮಣರು ಊಟಕ್ಕೆ ಕೂತಿದ್ದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಪುರೋಹಿತ ಭಟ್ಟರ ಎದುರಿಗಿದ್ದರು. ಚಿಕ್ಕಮ್ಮ ಅನ್ನದ ಪಾತ್ರೆ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟಿದಳು. ಪಾತ್ರೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಒಂದು ಅಗುಳೂ ಚೆಲ್ಲಲಿಲ್ಲ. ಆಮೇಲೆ ಗೋಡೆಗೆ ಒರಗಿ ಕುಸಿದಳು. ಅವಳು ನಡೆದು ಬಂದ ದಾರಿಯಲ್ಲಿ ಕೆಂಪು ನೆಲ ಇನ್ನಷ್ಟು ಕೆಂಪಾಗಿತ್ತು.

ನಾನು ಓಡಿದೆ. ಅಜ್ಜಿ ಕೋಲು ಅಡ್ಡ ಹಿಡಿದರು. ನನ್ನನ್ನಲ್ಲ, ಅವಳನ್ನು ನೋಡಿ ಕೇಳಿದರು. "ಯಾವಾಗ ಆಯ್ತು? ಅನ್ನ ಬಸಿಯೋ ಮೊದಲೋ, ಆಮೇಲೋ?"

ಮೊದಲೇ ಆಗಿದ್ದರೆ ಅಷ್ಟೂ ಅಡುಗೆ ತೋಡಿನ ನೀರಿಗೆ, ತಿಥಿ ಕೆಟ್ಟ ಹಾಗೆ. ನನಗೆ ಈಗಲೂ ಕಿವಿಯಲ್ಲಿ ಕೇಳುವುದು ಆ ಪ್ರಶ್ನೆ. ಅಜ್ಜಿ ಕಿರುಚಲಿಲ್ಲ. ಹಾಲು ಉಕ್ಕಿತೇ ಎಂದು ಕೇಳುವ ದನಿಯಲ್ಲಿ ಕೇಳಿದರು, ಉತ್ತರ ಬರುವವರೆಗೆ ಕೋಲು ಇಳಿಸಲಿಲ್ಲ.

ಚಿಕ್ಕಮ್ಮ ಕಣ್ಣು ತೆರೆದಳು. "ಈಗ. ಈಗಲೇ ಅತ್ತೆ," ಎಂದಳು.

ಕೋಲು ಇಳಿಯಿತು. ಭಟ್ಟರು ಕೂತಲ್ಲಿಂದ ಎದ್ದುಬಿಟ್ಟಿದ್ದರು. "ನೀ ಏಳು ಮಾರಾಯ, ಗಾಡಿ ತೆಗಿ. ಶಾಸ್ತ್ರಕ್ಕೆ ನಾನು ಉತ್ತರ ಕೊಡ್ತೀನಿ," ಎಂದು ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಬೇಡವೆಂದು ತಲೆ ಅಲ್ಲಾಡಿಸಿದರು. ಚಿಕ್ಕಪ್ಪ ಕೂತೇ ಇದ್ದರು. ಅಪ್ಪನೂ ಅವರ ಪಕ್ಕದಲ್ಲಿ, ತನ್ನ ದರ್ಭೆಯ ಬೆರಳನ್ನೇ ನೋಡುತ್ತ.

ಅವಳನ್ನು ಎತ್ತಿದ್ದು ನಾನು ಮತ್ತು ಪಾತ್ರೆ ತೊಳೆಯಲು ಬಂದಿದ್ದ ಕೆಲಸದ ಹೆಂಗಸು. ಪಕ್ಕದ ಮನೆಯ ಜೀಪು ಸಿಕ್ಕಿತು. ಶೃಂಗೇರಿಯಲ್ಲಿ ಡ್ರಿಪ್ ಹಾಕಿ, ಇಲ್ಲಿ ಆಗುವುದಿಲ್ಲ, ಘಟ್ಟ ಇಳಿಸಿ ಎಂದು ಆಂಬುಲೆನ್ಸಿಗೆ ಹತ್ತಿಸಿದರು. ಆಗುಂಬೆಯ ತಿರುವುಗಳಲ್ಲಿ ಡ್ರಿಪ್ಪಿನ ಬಾಟಲು ಆ ಕಡೆ ಈ ಕಡೆ ಹೊಡೆದುಕೊಳ್ಳುತ್ತಿತ್ತು. ಅವಳ ತುಟಿ ಒಗೆದ ಪಂಚೆಯಷ್ಟು ಬೆಳ್ಳಗಿತ್ತು. ನಿದ್ದೆ ಹೋಗಲು ಬಿಡಬೇಡಿ, ಮಾತಾಡಿಸುತ್ತಿರಿ ಎಂದು ನರ್ಸ್ ಹೇಳಿದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಕೇಳುತ್ತಿದ್ದೆ. ಒಂದು ತಿರುವಿನಲ್ಲಿ ಅವಳ ಕಣ್ಣು ಮೇಲಕ್ಕೆ ಹೋಯಿತು. ಕೆನ್ನೆಗೆ ಹೊಡೆದೆ. ಇವತ್ತಿಗೂ ಬಸ್ಸು ಘಟ್ಟ ಇಳಿಯುವಾಗ ಆ ತಿರುವು ಬರುವ ಮುಂಚೆಯೇ ನನ್ನ ಅಂಗೈ ಉರಿಯುತ್ತದೆ.

ಅವಳು ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದಳು.

"ಕೂಸೇ, ಸುಳ್ಳು ಹೇಳಿದೆ. ನಿನ್ನೆ ಸಂಜೆಯಿಂದಲೇ ಹೋಗ್ತಿತ್ತು. ಮಾತ್ರೆ ಹಿಡೀಲಿಲ್ಲ."

"ಯಾಕೆ ಹೇಳಲಿಲ್ಲ ಚಿಕ್ಕಮ್ಮ?"

"ಮತ್ತೆ ಅಷ್ಟೂ ಅಡುಗೆ ಯಾರು ಮಾಡೋದು?" ಅವಳಿಗೆ ನಗು ಬಂತು. "ಮಾವ ಇಷ್ಟೊತ್ತಿಗೆ ಉಂಡು ಮುಗಿಸಿರ್ತಾರೆ. ಪಾಯಸ ಅವರಿಗೆ ಪ್ರಾಣ. ಎಂತ ಆಯ್ತು ನೋಡು ಅವರಿಗೆ? ಎಂತದೂ ಆಗ್ಲಿಲ್ಲ."

ಬದುಕಿದಳು. ಗರ್ಭಕೋಶದ ಗಡ್ಡೆ ವರ್ಷಗಟ್ಟಲೆ ಬೆಳೆದಿತ್ತು. ಅದು ಕೊಡುತ್ತಿದ್ದ ಸುಳಿವನ್ನೆಲ್ಲ ಮಾತ್ರೆಗಳು ಮರೆಸಿಟ್ಟಿದ್ದವು. ಗರ್ಭಕೋಶವನ್ನೇ ತೆಗೆಯಬೇಕಾಯಿತು. ಮನೆಗೆ ಕರೆತಂದ ದಿನ ಅಜ್ಜಿ ಜಗಲಿಯಲ್ಲಿ ಕೂತಿದ್ದರು. ವಿಷಯ ಕೇಳಿ, "ಒಳ್ಳೇದೇ ಆಯ್ತು ಬಿಡು. ಇನ್ನು ತಿಂಗಳಿಡೀ ಒಳಗೇ," ಎಂದರು. ಅವರಿಗೆ ನಿಜವಾಗಿ ಸಂತೋಷವಾಗಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು.

ಸುದ್ದಿ ನೆಂಟರ ಮನೆಗಳಿಗೂ ಹೋಯಿತು. ಕೊಪ್ಪದಿಂದ, ಸೀತೂರಿನಿಂದ ಫೋನು ಬರತೊಡಗಿತು. ತಿಥಿ ಇದೆ, ನಮ್ಮ ಸೊಸೆಯ ದಿನ ಹತ್ತಿರ ಇದೆ, ಇವಳನ್ನು ಕಳಿಸಿ, ಇವಳಿಗಾದರೆ ತಾಪತ್ರಯ ಇಲ್ಲವಲ್ಲ. ಚಿಕ್ಕಪ್ಪ ಬಸ್ಸು ಹತ್ತಿಸಿ ಬರುತ್ತಿದ್ದರು.

ಹೊಲಿಗೆ ಬಿಚ್ಚಿ ಕೆಲವು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಚಿಕ್ಕಮ್ಮ ಸೌದೆಯನ್ನು ಒಂದು ಮೂಲೆಗೆ ದೂಡಿ, ಆ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದಳು. ಅಜ್ಜಿ ಕೂಗಿದಾಗ ಅಲ್ಲಿಂದಲೇ, ನಾನು ಹೊರಗೆ ಎಂದಳು. ಆ ಮಾತಿಗೆ ಅಷ್ಟು ವರ್ಷ ಎಂಥ ಬಲವಿತ್ತು ಎಂದರೆ ಚಿಕ್ಕಪ್ಪ ಕಾಫಿಯ ಪಾತ್ರೆ ಹುಡುಕಲು ಹೊರಟೇಬಿಟ್ಟಿದ್ದರು. ಅಜ್ಜಿ ನಕ್ಕರು. ನಗುತ್ತ ನಗುತ್ತ ಕೋಲೂರಿಕೊಂಡು ಹಿತ್ತಲಿಗೆ ಬಂದರು. "ಒಳಗೆ ಎಂತದೂ ಇಲ್ದೋಳಿಗೆ ಎಂತ ಹೊರಗೆ? ಎದ್ದು ಬಾ, ಅಕ್ಕಿ ನೆನೆಸಿಲ್ಲ," ಎಂದು ಅವಳ ತೋಳು ಹಿಡಿದು ಎಬ್ಬಿಸಿದರು. ಚಿಕ್ಕಮ್ಮ ಬಿಡಿಸಿಕೊಳ್ಳಲಿಲ್ಲ. ಚಾಪೆ ಸುತ್ತಿದಳು. ನನ್ನನ್ನು ದಾಟುವಾಗ, "ಮುಟ್ಟಿಬಿಟ್ರು ಕೂಸೇ," ಎಂದಳು.

ಹೋದ ವರ್ಷ ಅವಳು ಶೆಟ್ಟಿಕೊಪ್ಪದ ನೆಂಟರೊಬ್ಬರ ಅಡುಗೆಮನೆಯಲ್ಲಿ ಬಿದ್ದಳು. ಹೃದಯ ಎಂದರು. ಅಡುಗೆ ಅರ್ಧವಾಗಿತ್ತು. ಶವ ತಂದು ಜಗಲಿಯಲ್ಲಿ, ಅದೇ ಚಾಪೆಯ ಮೇಲೆ ಮಲಗಿಸಿದರು. ನಾನು ಅವಳ ಬಾಯಿಗೆ ತುಳಸಿ ನೀರು ಬಿಡುವಾಗ ಒಂದು ತೊಟ್ಟು ಎದೆಯ ಮೇಲಿದ್ದ ಅವಳ ಕೈಗೆ ಬಿತ್ತು. ಉಗುರಿನ ಮೇಲೆ ನಿಲ್ಲಲಿಲ್ಲ, ಜಾರಿಹೋಯಿತು. ಆಪರೇಷನ್ ಆದ ಮೇಲೆ ಉಗುರುಗಳು ತುಂಬಿಕೊಂಡಿದ್ದವು. ದುಡಿಯಲು ಸಾಕಾಗುವಷ್ಟು ರಕ್ತ ಅವಳಲ್ಲಿ ಸೇರಿತ್ತು.

ಸೂತಕ ಎಂದು ಒಲೆ ಹಚ್ಚಲಿಲ್ಲ. ನೆಂಟರು ಅಂಗಳದಲ್ಲಿ ದೂರ ದೂರ ನಿಂತಿದ್ದರು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಮಣೆಯ ಮೇಲೆ ಸುಮ್ಮನೆ ಕೂತಿದ್ದರು. ಮಧ್ಯಾಹ್ನವಾಗುವವರೆಗೂ ಚಿಕ್ಕಮ್ಮ ಬಾಯಿ ಸ್ವಲ್ಪ ತೆರೆದುಕೊಂಡು ಹೊರಗೇ ಮಲಗಿದ್ದಳು. ಯಾರೂ ಅವಳನ್ನು ಮುಟ್ಟಲಿಲ್ಲ. ಯಾರೂ ಒಳಗೆ ಕರೆಯಲಿಲ್ಲ.